ಅಧ್ಯಕ್ಷರು ಮೂರನೆಯ ಪುಟಕ್ಕೆ ಜಾರಿದ್ದು

ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಗಾಳಿಸುದ್ದಿ ನಾವು ನೆಲೆಸಿರುವ ಈ ಪರದೇಶದ ಊರು ಪೆಟಾಲಿಂಗ್ ಜಯಾದ ಕನ್ನಡಿಗರಲ್ಲಿ ಹಬ್ಬಿ ವರ್ಷಗಳಾದವು. ಅದನ್ನು ಅಲ್ಲಗಳೆಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಿಜ ಹೇಳಬೇಕೆಂದರೆ ನನಗೆ ಬರುವುದು ಎರಡೇ ಸಾಲು. ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದು ಮೊದಲನೆಯ ಸಾಲು ಹೊಡೆದರೆ, ಒಂದು ಫೋಲ್ಡರಿನಲ್ಲಿರುವ ವರ್ಡ್ ಫೈಲುಗಳೆಲ್ಲ ಪಿಡಿಎಫ್ ಆಗುತ್ತವೆ. ಎರಡನೆಯ ಸಾಲು ಹೊಡೆದರೆ ಆ ಪಿಡಿಎಫ್‌ಗಳೆಲ್ಲ ಒಂದರ ಹಿಂದೊಂದು ಅಂಟಿಕೊಂಡು ಪುಸ್ತಕವಾಗುತ್ತವೆ. ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ನಾನು ಅಂಗರಚನಾಶಾಸ್ತ್ರ ಕಲಿಸುತ್ತೇನೆ. ಪ್ರಶ್ನೆಪತ್ರಿಕೆಗಳನ್ನು ಅಚ್ಚಿಗೆ ಕಳಿಸುವಾಗ ನಾನು ಪಡುವ ಪಾಡು ನೋಡಲಾರದೆ ಸಹೋದ್ಯೋಗಿಯೊಬ್ಬರು ಕನಿಕರದಿಂದ ಹೇಳಿಕೊಟ್ಟ ವಿದ್ಯೆ ಇದು. ಒಂದು ಅಕ್ಷರ ತಪ್ಪಿದರೂ ಕಿಟಕಿ ಬೈಯುತ್ತದೆ, ನಾನು ಮೊದಲಿಂದ ಹೊಡೆಯುತ್ತೇನೆ. ಇಷ್ಟನ್ನು ನಮ್ಮ ಕನ್ನಡ ಕೂಟದ ಸಮಿತಿಯ ಎದುರು ಒಮ್ಮೆ ಮಾಡಿ ತೋರಿಸಿದ್ದೇ ತಪ್ಪಾಯಿತು. ಮೌಸು ಮುಟ್ಟದೆ ಕೆಲಸ ಮಾಡುವವಳೆಂದು ಬೆರಗಾಗಿ ನನ್ನನ್ನು ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ತಾಂತ್ರಿಕ ಸಂಪಾದಕಿ ಮಾಡಿಬಿಟ್ಟರು.

ಅಚ್ಚಿಗೆ ಪಿಡಿಎಫ್ಫೇ ಯಾಕೆ ಬೇಕು ಎಂದು ನೀವು ಕೇಳಬಹುದು. ಪಕ್ಕದ ನಗರದ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ನಮ್ಮ ಸಂಚಿಕೆ ಅಚ್ಚು ಹಾಕುವ ಅಣ್ಣನಿಗೆ ಒಂದು ವರ್ಷ ವರ್ಡ್ ಫೈಲನ್ನೇ ಕೊಟ್ಟಿದ್ದೆವು. ಅವರ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಅಕ್ಷರಗಳ ಸಹವಾಸ ಬಿಟ್ಟು ಪಕ್ಕಕ್ಕೆ ಬಂದು ನಿಂತವು. ತಮಿಳರಾದ ಅವರಿಗೆ ಅದು ತಪ್ಪೆಂದು ಗೊತ್ತಾಗುವುದು ಹೇಗೆ? ನೀಟಾಗಿ ಅಚ್ಚು ಹಾಕಿ ಕೊಟ್ಟರು. ನಮ್ಮಲ್ಲಿ ಬಹಳ ಜನರಿಗೂ ಗೊತ್ತಾಗಲಿಲ್ಲ, ಅದು ಬೇರೆ ಮಾತು. ಅಂದಿನಿಂದ ಪಿಡಿಎಫ್ ತಂದರೆ ಮಾತ್ರ ಅಂಗಡಿಯ ಮೆಟ್ಟಿಲು ಹತ್ತಬೇಕೆಂದು ಅವರು ಹೇಳಿದ್ದಾರೆ. ಪಿಡಿಎಫ್‌ನ ಇನ್ನೊಂದು ದೊಡ್ಡ ಗುಣವೆಂದರೆ ಆಮೇಲೆ ಅದನ್ನು ಯಾರೂ ಸುಲಭಕ್ಕೆ ತಿದ್ದಲಾರರು. ಸಭೆಯ ನಿರ್ಣಯವನ್ನು ಕಾರ್ ಪಾರ್ಕಿನಲ್ಲಿ ಬದಲಾಯಿಸುವ ನಮ್ಮಂಥ ಕೂಟಕ್ಕೆ ಇದಕ್ಕಿಂತ ದೊಡ್ಡ ವರ ಬೇಕೆ?

ಆದರೆ ನನ್ನ ಎರಡನೆಯ ಸಾಲಿನಲ್ಲಿ ಒಂದು ಗುಟ್ಟಿದೆ. ಅದು ಫೈಲುಗಳನ್ನು ಹೆಸರಿನ ಅನುಕ್ರಮದಲ್ಲಿ ಜೋಡಿಸುತ್ತದೆ. ಬರೆದವರ ಸ್ಥಾನಮಾನ ಅದಕ್ಕೆ ತಿಳಿಯದು. ಈ ಗುಟ್ಟನ್ನು ನಾನು ಬಾಯಿತಪ್ಪಿ ಕಾರ್ಯದರ್ಶಿಗೆ ಹೇಳಿದೆ. ವಾರ ಕಳೆಯುವುದರೊಳಗೆ ಫೈಲುಗಳು ಹೊಸ ಹೆಸರು ಹೊತ್ತು ಬರತೊಡಗಿದವು. ಖಜಾಂಚಿಯ ವರದಿ ‘ಎ’ಯಿಂದ ಶುರುವಾಯಿತು. ಅದನ್ನು ಕೇಳಿದ ಉಪಾಧ್ಯಕ್ಷೆ ಮೂರು ‘ಎ’ ಹಾಕಿದರು. ಅಂಕಿಗಳು ಅಕ್ಷರಗಳಿಗಿಂತ ಮುಂದೆ ಬರುತ್ತವೆಂದು ಯಾರೋ ಪತ್ತೆ ಹಚ್ಚಿ ಒಂದು ಹಾಕಿದರು, ಇನ್ನೊಬ್ಬರು ಸೊನ್ನೆ ಹಾಕಿದರು. ಕೊನೆಗೆ ನಮ್ಮ ಅಧ್ಯಕ್ಷ ಪಾಟೀಲರ ಸಂದೇಶ ಮುಂದೆ ಒಂದು ಸಾಲು ಸೊನ್ನೆಗಳನ್ನು ಕಟ್ಟಿಕೊಂಡು ಬಂತು. ಇಷ್ಟೊಂದು ಸೊನ್ನೆಗಳಿಂದ ಗೌರವ ಗಳಿಸಿದ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಾಟೀಲರು ಕೆಟ್ಟವರಲ್ಲ. ಕ್ಲಾಂಗ್ ಬಂದರಿನಲ್ಲಿ ಕಂಟೇನರುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸದಲ್ಲಿ ಮೇಲಕ್ಕೇರಿ ನಿವೃತ್ತರಾದವರು. ಸಾಲಿನಲ್ಲಿ ಮುಂದೆ ನಿಂತದ್ದು ಮೊದಲು ಹಡಗು ಹತ್ತುತ್ತದೆ ಎಂಬುದು ಅವರ ಜೀವಮಾನದ ಅನುಭವ.

ಹೆಸರಿನ ಗೊಡವೆಗೆ ಹೋಗದವಳು ಲವೀನಾ ಒಬ್ಬಳೇ. ಮಂಗಳೂರಿನ ಈ ಲವೀನಾ ವಾರವೆಲ್ಲ ಆಫೀಸಿನಲ್ಲಿ ದುಡಿದು, ಭಾನುವಾರ ಬೆಳಿಗ್ಗೆ ಒಂದು ಬಾಡಿಗೆ ಕೋಣೆಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು ಅವಳ ಕೈಯಲ್ಲಿ ಸಿಕ್ಕಿ ನಾಲ್ಕು ಸಾಲು ಬರೆಯುವಂತಾಗಿದ್ದಾರೆ. ಕೋಣೆಯ ಬಾಡಿಗೆ ಕೂಟದ್ದು. ಮಕ್ಕಳು ಕಡಿಮೆ, ತಂದೆತಾಯಿಯರಿಗೆ ಆಸಕ್ತಿಯಿಲ್ಲ, ಹೊಸ ವರ್ಷದಿಂದ ತರಗತಿ ನಿಲ್ಲಿಸೋಣ ಎಂದು ಸಮಿತಿಯಲ್ಲಿ ಮಾತು ಎದ್ದಿತ್ತು. ಲವೀನಾ ಜಗಳವಾಡಲಿಲ್ಲ. ಸಂಚಿಕೆಯಲ್ಲಿ ಮಕ್ಕಳಿಗೆ ಎರಡು ಪುಟ ಕೊಡಿ, ಓದಿದವರು ಏನನ್ನುತ್ತಾರೆ ನೋಡಿ ತೀರ್ಮಾನಿಸಿ ಎಂದಳು. ಆ ಎರಡು ಪುಟವೇ ಅವಳ ತರಗತಿಯ ಆಯುಷ್ಯ. ಅದಕ್ಕೆ ‘ಅಂಗಳ’ ಎಂದು ಕನ್ನಡದಲ್ಲೇ ಹೆಸರಿಟ್ಟು ಕಳಿಸಿದಳು.

ನಾನು ಎರಡನೆಯ ಸಾಲು ಹೊಡೆದೆ. ಪುಸ್ತಕ ಐವತ್ತು ಪುಟವಾಯಿತು, ‘ಅಂಗಳ’ ಕಟ್ಟಕಡೆಗೆ ಹೋಗಿ ಕೂತಿತ್ತು. ಯಾಕೆಂದರೆ ಈ ಯಂತ್ರದ ಲೆಕ್ಕದಲ್ಲಿ ಇಂಗ್ಲಿಷಿನ ಅಕ್ಷರಗಳೆಲ್ಲ ಮುಗಿದ ಮೇಲೆಯೇ ಕನ್ನಡದ್ದು. ಇಂಗ್ಲಿಷಿನಲ್ಲಿ ಹೆಸರಿಟ್ಟ ಕನ್ನಡಾಭಿಮಾನದ ಲೇಖನಗಳೆಲ್ಲ ಮುಂದೆ ನಿಂತು, ಕನ್ನಡದಲ್ಲಿ ಹೆಸರಿಟ್ಟ ಒಂದೇ ಒಂದು ಫೈಲು ಬಾಗಿಲ ಹೊರಗೆ ನಿಂತಿತು. ನಮ್ಮ ಕೂಟದ ಇಡೀ ಚರಿತ್ರೆ ಅದರಲ್ಲಿ ಬಂತು ಅನ್ನಿ.

ಅಷ್ಟರಲ್ಲಿ ಬ್ರಿಕ್‌ಫೀಲ್ಡ್ಸ್ ಅಣ್ಣನ ಫೋನು. ಹಾಳೆ ಮಡಚಿ ಹೊಲಿಯುವ ಪುಸ್ತಕ ನಾಲ್ಕು ನಾಲ್ಕು ಪುಟವಾಗಿಯೇ ಏರಬೇಕು ಅಥವಾ ಇಳಿಯಬೇಕು. ಐವತ್ತು ಆಗದು, ನಲವತ್ತೆಂಟು ಮಾಡಿ ಇಲ್ಲವೆ ಐವತ್ತೆರಡು. ಏರಿಸಲು ಖಜಾಂಚಿ ಒಪ್ಪಲಿಲ್ಲ. ಅಧ್ಯಕ್ಷರ ಸಂದೇಶ ಒಂದು ಪುಟ, ಅದರ ಜತೆಗೆ ಅವರ ಭಾವಚಿತ್ರಗಳು ಎರಡು ಪುಟ ಇವೆಯಲ್ಲ, ಅವನ್ನು ಒಂದರಲ್ಲೇ ಕೂರಿಸಬಹುದೇ ಎಂದು ಪಾಟೀಲರಿಗೇ ಫೋನು ಮಾಡಿ ಮೆಲ್ಲಗೆ ಕೇಳಿದೆ.

“ಕಡೀ ಎರಡು ಪುಟ ತಗದುಬಿಡ್ರಿ ಡಾಕ್ಟರ್,” ಎಂದರು. “ಕಂಪ್ಯೂಟರೇ ಅದನ್ನ ಹಿಂದ ಹಾಕೇತಿ. ನಾವೇನ್ ಹಾಕಿಲ್ಲಲ್ಲ.”

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಥಟ್ಟನೆ ಹೊಳೆಯಲಿಲ್ಲ. ಲವೀನಾಗೆ ಫೋನು ಮಾಡಿ, ನೀನೂ ಮುಂದೆ ನಾಲ್ಕು ಸೊನ್ನೆ ಹಾಕು ಮಾರಾಯ್ತಿ, ಎಲ್ಲರೂ ಹಾಕಿದ್ದಾರೆ ಎಂದೆ. ಬಸ್ಸಿನ ಕ್ಯೂನಲ್ಲಿ ನುಗ್ಗಬಾರದು ಎಂದು ಮಕ್ಕಳಿಗೆ ಪಾಠ ಹೇಳುವವಳು ಅವಳು.

“ನನ್ನ ಮಕ್ಕಳು ಸೊನ್ನೆ ಹಾಕಿ ನುಗ್ಗುದು ಬೇಡ,” ಎಂದಳು. “ಅವ್ರ ಹೆಸರಲ್ಲೇ ಬರ್ಲಿ. ಇಲ್ಲದಿದ್ರೆ ಬರುದೇ ಬೇಡ.”

ಇಲ್ಲಿ ಸ್ವಲ್ಪ ನನ್ನ ಶಾಸ್ತ್ರದ ಮಾತು ಸಹಿಸಿಕೊಳ್ಳಿ. ಎ ಆದ ಮೇಲೆ ಬಿ ಯಾಕೆ ಬರುತ್ತದೆ ಎಂದು ಕೇಳಿದರೆ ನನಗೆ ಕಾರಣ ಹೇಳಲು ಬಾರದು. ಆದರೆ ನಮ್ಮ ವರ್ಣಮಾಲೆಗೆ ಒಂದು ದಾರಿಯಿದೆ. ಗಂಟಲ ಬಳಿ ಹುಟ್ಟುವ ಕಕಾರದಿಂದ ಹೊರಟು, ಅಂಗುಳು ದಾಟಿ, ಹಲ್ಲಿಗೆ ತಾಗಿ, ತುಟಿಯ ಪಕಾರಕ್ಕೆ ಬಂದು ಹೊರಗೆ ಇಣುಕುತ್ತದೆ. ನಾನು ತರಗತಿಯಲ್ಲಿ ಸೀಳಿ ತೋರಿಸುವ ಬಾಯಿಯನ್ನು ಯಾರೋ ಪುಣ್ಯಾತ್ಮರು ಕತ್ತಿಯಿಲ್ಲದೆ ಒಳಗಿಂದ ಹೊರಕ್ಕೆ ವಿಂಗಡಿಸಿ ಇಟ್ಟಿದ್ದಾರೆ. ಇಂಥ ಅನುಕ್ರಮ ಮನೆಯಲ್ಲೇ ಇರುವಾಗ ಸೊನ್ನೆಗಳ ಗುದ್ದಾಟವೇಕೆ ಎನಿಸಿತು. ಕೂತು ಎಲ್ಲ ಫೈಲುಗಳ ಹೆಸರನ್ನೂ ಕನ್ನಡಕ್ಕೆ ತಿರುಗಿಸಿದೆ. ಸೊನ್ನೆ, ಎ, ‘ಫೈನಲ್ ಫೈನಲ್’, ಇಲ್ಲಿನವರ ಮಾತಿನ ಬಾಲ ಅಂಟಿಸಿಕೊಂಡ ‘ಇದನ್ನೇ ಹಾಕಿ ಲಾ’ ಎಲ್ಲವನ್ನೂ ಅಳಿಸಿದೆ. ಯಾರ ಲೇಖನವನ್ನೂ ಮುಟ್ಟಲಿಲ್ಲ, ಯಾರಿಗೂ ಅನ್ಯಾಯದ ಹೆಸರು ಕೊಡಲಿಲ್ಲ. ಅಧ್ಯಕ್ಷರದು ‘ಅಧ್ಯಕ್ಷರ ಮಾತು’, ಖಜಾಂಚಿಯದು ‘ಲೆಕ್ಕಪತ್ರ’.

ಕಪ್ಪು ಕಿಟಕಿಯಲ್ಲಿ ಎರಡೂ ಸಾಲು ಹೊಡೆದೆ. ನಿಘಂಟಿನಲ್ಲಿರುವಂತೆ ‘ಅಂ’ ಮುಂದೆ ನಿಂತು ‘ಅಂಗಳ’ ಮೊದಲು ಬಂತು. ಅಧ್ಯಕ್ಷರು ಅದರ ಬೆನ್ನಿಗೆ, ಮೂರನೆಯ ಪುಟದಲ್ಲಿ. ಕಟ್ಟಕಡೆಗೆ ಬಿದ್ದದ್ದು ಎರಡು ಪುಟದ ‘ಹಿಂದಿನ ಅಧ್ಯಕ್ಷರ ಹಾರೈಕೆ’. ಈಗ ಸಿಂಗಾಪುರದಲ್ಲಿರುವ ಆ ಮಹನೀಯರು ಪ್ರತಿ ವರ್ಷ ಅದೇ ಹಾರೈಕೆಯನ್ನು ಇಸವಿ ತಿದ್ದಿ ಕಳಿಸುತ್ತಾರೆ, ಈ ಸಲ ಇಸವಿಯನ್ನೂ ತಿದ್ದಿರಲಿಲ್ಲ. ಕಡೆಯ ಎರಡು ಪುಟ ತೆಗೆಯಿರಿ ಎಂಬ ಅಧ್ಯಕ್ಷರ ಆಜ್ಞೆಯನ್ನು ಅಕ್ಷರಶಃ ಪಾಲಿಸಿ, ಯಾರಿಗೂ ತೋರಿಸದೆ ಬ್ರಿಕ್‌ಫೀಲ್ಡ್ಸ್‌ಗೆ ಕಳಿಸಿಬಿಟ್ಟೆ.

ರಾಜ್ಯೋತ್ಸವದ ಊಟದ ದಿನ ಸಂಚಿಕೆ ಹಂಚಿದರು. ಎಲ್ಲರೂ ಪುಟ ತಿರುವಿ ತಮ್ಮ ಭಾವಚಿತ್ರ ಹುಡುಕಿ, ಸಿಕ್ಕಿದ ಮೇಲೆ ಮುಚ್ಚಿ, ಕುರ್ಚಿಯ ಮೇಲೆ ಜಾಗ ಹಿಡಿಯಲು ಇಟ್ಟು ಊಟದ ಸಾಲಿಗೆ ಹೋದರು. ಪಾಟೀಲರು ಮೊದಲ ಪುಟ ನೋಡಿದರು, ನನ್ನನ್ನು ನೋಡಿದರು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು. ತರಗತಿಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಲವೀನಾ ಬಿಸಿಬೇಳೆಬಾತ್ ಬಡಿಸುತ್ತಾ ಎಲ್ಲರ ಮುಖ ನೋಡುತ್ತಿದ್ದಳು.

ನಾಲ್ಕಾರು ದಿನ ಬಿಟ್ಟು ಪಾಟೀಲರ ಫೋನು ಬಂತು. ಬೈಗುಳಕ್ಕೆ ತಯಾರಾಗಿಯೇ ಎತ್ತಿದೆ. ಅವರು ಮೊಮ್ಮಗಳ ವಿಷಯ ತೆಗೆದರು. ನಿಶಾ ಲವೀನಾಳ ತರಗತಿಯ ಹುಡುಗಿ. ಗೆಳತಿಯ ಪದ್ಯವಿದೆಯೆಂದು ಮೊದಲ ಪುಟ ಓದಿದ್ದಾಳೆ. ಪುಟ ತಿರುವಿದರೆ ಅಜ್ಜನ ಚಿತ್ರ. ಅಜ್ಜ ಏನು ಬರೆದಿದ್ದಾರೆಂದು ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾ ಬಂದವಳು ‘ಅನುಸಂಧಾನ’ ಎಂಬ ಪದದ ಹತ್ತಿರ ನಿಂತು, ಇದರ ಅರ್ಥವೇನೆಂದು ಇಂಗ್ಲಿಷಿನಲ್ಲಿ ಕೇಳಿದ್ದಾಳೆ.

“ಆ ಸಂದೇಶ ನಾ ಬರದದ್ದಲ್ರಿ, ಕಾರ್ಯದರ್ಶಿ ಬರದಾನ,” ಎಂದರು ಪಾಟೀಲರು. ದನಿ ಸಣ್ಣದಾಗಿತ್ತು. “ನನಗ ಹೇಳಾಕ ಬರಲಿಲ್ಲ. ಅದರ ಅರ್ಥ ಏನ್ರಿ ಡಾಕ್ಟರ್?”

ಗೊತ್ತಿದೆ ಎನಿಸಿತು. ಹೇಳಲು ಹೋದರೆ ಬಾಯಿಗೆ ಬರಲಿಲ್ಲ. ಆ ಫೈಲನ್ನು ನಾನು ತೆರೆದಿದ್ದೆ, ಅಂಚು ಅಳೆದಿದ್ದೆ, ಒತ್ತಕ್ಷರ ಸರಿಯಿದೆಯೇ ಎಂದು ನೋಡಿದ್ದೆ, ಹೆಸರು ಬದಲಿಸಿ ಮೂರನೆಯ ಪುಟಕ್ಕೆ ತಳ್ಳಿದ್ದೆ. ಓದಿರಲಿಲ್ಲ. ಆ ಪುಸ್ತಕದಲ್ಲಿ ಒಂದು ಪುಟವನ್ನೂ ನಾನು ಓದಿರಲಿಲ್ಲ. ಕಾರ್ಯದರ್ಶಿಗೆ ಫೋನು ಮಾಡಿದೆ. ಅದು ಎಲ್ಲಿಂದಲೋ ನಕಲು ಮಾಡಿದ್ದು, ಕೇಳಲು ಗಂಭೀರವಾಗಿತ್ತು ಎಂದರು. ಲವೀನಾಳನ್ನು ಕೇಳಿದರೆ ತನಗೂ ಸರಿಯಾಗಿ ಗೊತ್ತಿಲ್ಲವೆಂದು ನಕ್ಕು, ಭಾನುವಾರ ಕೋಣೆಯೊಂದು ಉಳಿದಿದ್ದರೆ ಮಕ್ಕಳ ಜತೆ ಕೂತು ನಿಘಂಟು ನೋಡುವ ಎಂದಳು. ಅದನ್ನೇ ಪಾಟೀಲರಿಗೆ ಹೇಳಿದೆ.

“ಕೋಣಿ ಇರ್ತದ,” ಎಂದರು. “ನಾನೂ ಬರ್ತೀನಿ.”

ಕನ್ನಡ ಉಳಿಸಲೆಂದು ನಾವೆಲ್ಲ ಸೇರಿ ಅಚ್ಚು ಹಾಕಿಸಿದ ಪುಸ್ತಕಕ್ಕೆ, ನನಗೆ ತಿಳಿದಮಟ್ಟಿಗೆ, ಓದುಗರು ಸಿಕ್ಕಿದ್ದು ಒಬ್ಬರೇ. ಆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಉತ್ತರ ಹೇಳಬಲ್ಲವರು ಬರೆದವರಲ್ಲೂ ಇರಲಿಲ್ಲ, ಬರೆಸಿದವರಲ್ಲೂ ಇರಲಿಲ್ಲ, ಮುದ್ರಣಕ್ಕೆ ಸಿದ್ಧಪಡಿಸಿದವಳಂತೂ ಅಲ್ಲವೇ ಅಲ್ಲ.