ಕೆರೆ ದಾಟಿದ ಕ್ರೂಸರ್

ಶಿಡ್ಲಘಟ್ಟದ ಬಸ್ಸಿನಲ್ಲಿ ಪಕ್ಕದವರು ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಟ್ಟರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನೆಲ ವಾಲಿದಂತಾಗಿ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದೆ. ಬಸ್ಸು ಇನ್ನೂ ಹೊರಟಿರಲಿಲ್ಲ. ನಗಬೇಡಿ, ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನಮ್ಮೂರ ಕೆರೆ ತುಂಬಿ ಅತ್ತೆಯ ತೋಟದ ದಾರಿ ಮುಳುಗಿತ್ತು. ಸೊಪ್ಪು ಆಚೆ ದಡದಲ್ಲಿ, ರೇಷ್ಮೆಹುಳು ಈಚೆ ಮನೆಯಲ್ಲಿ. ಕೊನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದ ಹುಳುವಿನ ಹಸಿವು ಸಾಕಿದವರಿಗೇ ಗೊತ್ತು. ಸಂಜೆಯೊಳಗೆ ಸೊಪ್ಪು ಬಾರದಿದ್ದರೆ ಇಡೀ ಬೆಳೆ ಹೋದಂತೆ.

ಆಗ ಮುಂದೆ ಬಂದವರು ನೆರೆಮನೆಯ ಬಾಷಾ ಚಾಚಾ. ಎರಡನೇ ಮಹಾಯುದ್ಧ ಮಾಡಿ ಹಳತಾದ ಮೇಲೆ ನಮ್ಮ ನೌಕಾಪಡೆಗೆ ಬಂದ ಬ್ರಿಟಿಷರ ಲೈಟ್ ಕ್ರೂಸರ್ ಎಂಬ ಯುದ್ಧನೌಕೆಯೊಂದರ ಇಂಜಿನ್ ರೂಮಿನಲ್ಲಿ ಪ್ರಾಯ ಕಳೆದವರು. ನೀಲಿ ಡ್ರಮ್ಮುಗಳ ಮೇಲೆ ಬಿದಿರು ಬಿಗಿದು ತೆಪ್ಪ ಕಟ್ಟಿದರು. ಕ್ರೂಸರಿನಂತೆ ಉದ್ದ, ಕಿರಿದು, ವೇಗ ಮುಖ್ಯವಂತೆ. ಕೆರೆಯಲ್ಲಿ ನಮ್ಮನ್ನು ಅಟ್ಟಿಸಿಕೊಂಡು ಬರುವವರು ಯಾರೆಂದು ನಾನು ಕೇಳಲಿಲ್ಲ.

ಇಬ್ಬರೂ ಆಚೆ ದಡ ಸೇರಿ ಮೂಟೆ ಏರಿಸುತ್ತಲೇ ಚಾಚಾ ಹಡಗಿನ ಕಥೆ ತೆಗೆದರು. ಟಾರ್ಪೆಡೊ ಏಟು ತಿಂದರೂ ಅದು ಕುಂಟುತ್ತಾ ಬಂದರು ಸೇರಿತ್ತಂತೆ. ಯುದ್ಧಕಾಲದಲ್ಲಿ ವಿಮಾನ ಹೊಡೆಯುವ ತೋಪು, ರೇಡಾರು ಎಂದು ಮೇಲೆ ಮೇಲೆ ಹೇರಿದ್ದರಿಂದ ಇಂಥ ಹಡಗುಗಳ ತಲೆಭಾರ ಹೆಚ್ಚಿ, ಕೊನೆಗೆ ಒಂದು ದೊಡ್ಡ ಫಿರಂಗಿಗೂಡನ್ನೇ ಕಿತ್ತುಹಾಕಬೇಕಾಯಿತಂತೆ. ಇಷ್ಟು ಹೇಳುತ್ತಾ ಅವರು ಮೂಟೆಯ ಮೇಲೆ ಮೂಟೆ ಪೇರಿಸುತ್ತಿದ್ದರು! ನಮ್ಮ ಸೀಮೆಯಲ್ಲಿ ನೆಂದ ಸೊಪ್ಪನ್ನು ಹುಳುವಿಗೆ ಹಾಕುವುದಿಲ್ಲ, ರೋಗ ಬರುತ್ತದೆ. ನೀರು ಸಿಡಿಯದಷ್ಟು ಎತ್ತರಕ್ಕೆ ಪೇರಿಸಲೇಬೇಕು. ಡಿಗ್ರಿ ಓದಿದ ನಾನೂ ಕೆಳಗಿನಿಂದ ಎತ್ತಿಕೊಟ್ಟೆ.

ನಡುಕೆರೆಯಲ್ಲಿ ಗಾಳಿ ಬೀಸಿತು. ತೆಪ್ಪ ಒಂದು ಮಗ್ಗುಲಿಗೆ ವಾಲಿತು, ಏಳಲಿಲ್ಲ. ಈಜು ಬಾರದ ನಾನು ಮೇಲಿನ ಮೂಟೆಯನ್ನು ತಬ್ಬಿಕೊಂಡೆ. ನೀರು ಸೊಂಟ ಮುಟ್ಟಿತು.

"ಮೂಟೆ ಬಿಡು ಕಣಪ್ಪ," ಎಂದರು ಚಾಚಾ, ದನಿ ಏರಿಸದೆ. "ಹುಳ ಇನ್ನೊಂದ್ ಸಲ ಸಾಕ್ಬೋದು. ನಿಮ್ಮತ್ತೆಗೆ ಇನ್ನೊಬ್ಬ ನಿನ್ನನ್ನ ಎಲ್ಲಿಂದ ತರ್ಲಿ?"

ಬಿಟ್ಟೆ. ಮೂರು ಮೂಟೆ ಉರುಳಿದವು, ತೆಪ್ಪ ನಿಧಾನವಾಗಿ ನೆಟ್ಟಗಾಯಿತು.

ದಡದಲ್ಲಿ ಅತ್ತೆ ಕಾದಿದ್ದರು. "ನೆಂದಿರೋದು ಸೊಪ್ಪಾ, ನೀನಾ?"

"ನಾನು."

"ಸದ್ಯ," ಎಂದು ಉಳಿದ ಮೂಟೆ ಹೊತ್ತು ನಡೆದರು. ನಾಲ್ಕು ಹೆಜ್ಜೆ ಹೋಗಿ, ಮೂಟೆ ಇಳಿಸಿ, ವಾಪಸು ಬಂದು ಸೆರಗಿನಿಂದ ನನ್ನ ತಲೆ ಒರೆಸಿದರು. ಅರೆಹೊಟ್ಟೆಯ ಹುಳುಗಳು ಸಣ್ಣ ಗೂಡು ಕಟ್ಟಿದವು, ಆದರೂ ಕಟ್ಟಿದವು.

ಈ ವರ್ಷವೂ ಕೆರೆ ತುಂಬಿದೆ. ಚಾಚಾ ಹೊಸ ತೆಪ್ಪ ಕಟ್ಟುತ್ತಿದ್ದಾರೆ, ಅಗಲವಾಗಿ. ಜೊತೆಗೆ ಯಾರು ಬರುತ್ತೀರೆಂದು ಕೇಳಿದಾಗ ಮೊದಲು ಕೈ ಎತ್ತಿದವನು ನಾನೇ. ಆಮೇಲೆ ಮನೆಗೆ ಬಂದು ಬಹಳ ಹೊತ್ತು ನೀರು ಕುಡಿದೆನೆಂಬುದು ನಮ್ಮಿಬ್ಬರಲ್ಲೇ ಇರಲಿ.