ಖಾಲಿ ಸೀಟಿನ ಬೆಲ್ಟು

ಸೀಟು ನೋಡಿ ಆಸಾಮಿ ಎಂಥವನೆಂದು ಹೇಳಬಲ್ಲೆ ಎಂಬ ಜಂಬ ಸೀಟ್ ಮಾವನಿಗೆ. ಮೂವತ್ತು ವರ್ಷ ಕಾರುಗಳ ಸೀಟು ತೊಳೆದು, ಹೊಲಿದು ಬದುಕಿದವನಿಗೆ ಬೀದಿಯವರು ಇಟ್ಟ ಹೆಸರು ಅದು. ಶನಿವಾರ ಬೆಳಿಗ್ಗೆ ಮಗಳು ತಾನು ಕೊಂಡ ಹಳೇ ಕರೆಂಟ್ ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಬಾಗಿಲು ತೆರೆದವನೇ ತೀರ್ಪು ಕೊಟ್ಟ.

"ಓಡಿಸ್ತಿದ್ದೋನು ದಡೂತಿ. ಹತ್ತೋ ಕಡೆ ಅಂಚು ಸವೆದು ದಾರ ಎದ್ದಿದೆ ನೋಡು. ಪಕ್ಕದ ಸೀಟಲ್ಲಿ ಮಗು ಹಾಲು ಚೆಲ್ಲಿದೆ."

"ಸೋಮವಾರ ಒಂಬತ್ತಕ್ಕೆ ಆಸ್ಪತ್ರೆಯವರ ತಪಾಸಣೆ ಅಪ್ಪಾ. ನೀನೇ ಗತಿ," ಎಂದಳು ಮಗಳು.

ಕಾರು ಪಾಸಾದರೆ ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆತರುವ ಕೆಲಸ ಅವಳದು. ಸೀಟಿನಲ್ಲಿ ಕಲೆ ಇರಬಾರದು, ವಾಸನೆ ಬರಬಾರದು, ಎಚ್ಚರಿಕೆಯ ದೀಪ ಒಂದೂ ಸುಮ್ಮಸುಮ್ಮನೆ ಉರಿಯಬಾರದು. ಇದನ್ನೇ ನಂಬಿ ಅವಳು ಇದ್ದ ಕೆಲಸ ಬಿಟ್ಟಿದ್ದಳು. "ಆಟದ ಸಾಮಾನು ನಂಬ್ಕೊಂಡು ಬಾಳ್ತೀಯಾ?" ಎಂದು ಕಾರು ಕೊಂಡ ದಿನ ಹೀಗಳೆದವನು ಇದೇ ಅಪ್ಪ. ಈಗ ಅವನಿಗೆ ಗೊತ್ತಿರುವ ಒಂದೇ ಕೆಲಸವನ್ನು ಹಿಡಿದು ಅವಳು ಬಂದಿದ್ದಾಳೆ. ಅವನಿಗೆ ಒಳಗೊಳಗೇ ಖುಷಿಯಾಯಿತು.

ಮಗಳು ಹೋದ ಮೇಲೆ ನೋಡಿದರೆ ಪಕ್ಕದ ಸೀಟು ಖಾಲಿ, ಬೆಲ್ಟು ಮಾತ್ರ ಸಿಕ್ಕಿಸಿದೆ. ಎಂಥಾ ಹುಡುಗಾಟ ಎಂದುಕೊಂಡು ಬಿಚ್ಚಿದ. ಅಂಚಿಗೆ ಹೊಸ ಬಟ್ಟೆ ಕೊಟ್ಟು ಹೊಲಿದ. ಆಮೇಲೆ ತನ್ನ ಹಳೇ ಪದ್ಧತಿಯಂತೆ ಸೋಪಿನ ನೊರೆ ಉಜ್ಜಿ, ಹಾಲಿನ ಕಲೆಯ ಮೇಲೆ ಪೈಪು ಬಿಟ್ಟ. ನೀರು ಕಾಣದ ಕೊಳೆ ಹೋಗುವುದಿಲ್ಲ ಎಂಬುದು ಅವನ ವೇದವಾಕ್ಯ.

ಬಿಸಿಲಿಗೆ ಎಳೆಯೋಣವೆಂದು ಕಾರು ಚಾಲೂ ಮಾಡಿದ. ಕೆಂಪು ದೀಪ ಹತ್ತಿತು. ಟಿಣ್, ಟಿಣ್, ಟಿಣ್. ಪಕ್ಕದಲ್ಲಿ ನರಪಿಳ್ಳೆಯಿಲ್ಲ, ಕಾರು ಮಾತ್ರ ಬೆಲ್ಟು ಹಾಕು ಎಂದು ಬಡಿದುಕೊಳ್ಳುತ್ತಿದೆ.

ಕರೆಂಟ್ ಕಾರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದ.

"ಕುಶನ್ ಒಳಗೆ ತೆಳ್ಳಗಿನ ಹಾಳೆ ಥರ ಒಂದಿರುತ್ತೆ, ಯಾರಾದ್ರೂ ಕೂತರೆ ಗೊತ್ತಾಗೋಕೆ. ಅದಕ್ಕೆ ನೀರು ಕುಡಿಸಿದ್ದೀರಾ? ಒಣಗಿದ್ರೆ ಸರಿಹೋಗಬಹುದು. ಇಲ್ಲಾಂದ್ರೆ ಬೇರೆ ಹಾಕ್ಬೇಕು, ತರಿಸೋಕೆ ಒಂದು ವಾರ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮನೆಯ ಎರಡೂ ಫ್ಯಾನುಗಳನ್ನು ತಂದು ಸೀಟಿನ ಮುಂದಿಟ್ಟ. ಗಂಟೆಗೊಮ್ಮೆ ಅಂಗೈಯಿಂದ ಒತ್ತಿ ನೋಡಿದ, ಕಾರು ಚಾಲೂ ಮಾಡಿದ. ಟಿಣ್, ಟಿಣ್. ಮಗಳ ಫೋನು ಎರಡು ಸಲ ಬಂದರೂ ಎತ್ತಲಿಲ್ಲ. ಏನಂತ ಹೇಳುವುದು, ನಿನ್ನ ಬಾಳಿಗೆ ನೀರು ಹುಯ್ದೆ ಅಂತಲೇ?

ಭಾನುವಾರ ಬೆಳಿಗ್ಗೆ ಅವಳೇ ಬಂದು ನಿಂತಳು. ಅವನು ತಲೆ ತಗ್ಗಿಸಿ ಎಲ್ಲ ಒದರಿಬಿಟ್ಟ.

ಮಗಳು ತುಟಿ ಕಚ್ಚಿಕೊಂಡಳು. "ಅಪ್ಪಾ, ಬೆಲ್ಟ್ ಸಿಕ್ಕಿಸಿಟ್ಟಿದ್ದೆನಲ್ಲ, ಯಾಕೆ ಬಿಚ್ಚಿದೆ?"

"ಅಂದ್ರೆ?"

"ಗುರುವಾರಾನೇ ನಾನು ಆ ಕಲೆಗೆ ಪೈಪ್ ಬಿಟ್ಟಿದ್ದೆ. ಅವತ್ತಿಂದ ಬಡ್ಕೊಳ್ತಿತ್ತು. ನಿನ್ ಹತ್ರ ಬೈಸ್ಕೋಬೇಕಲ್ಲ ಅಂತ ಬೆಲ್ಟ್ ಹಾಕಿ ಬಾಯಿ ಮುಚ್ಚಿಸಿದ್ದೆ. ನೀರು ಕಾಣದ ಕೊಳೆ ಹೋಗಲ್ಲ ಅಂತ ಚಿಕ್ಕೋಳಿದ್ದಾಗಿಂದ ಹೇಳ್ಕೊಟ್ಟೋನು ನೀನೇ ಅಲ್ವಾ?"

ಬೈಯಲು ಬಾಯಿ ತೆರೆದವನಿಗೆ ಯಾರನ್ನು ಬೈಯಬೇಕೆಂದು ತೋಚಲಿಲ್ಲ. ಇಬ್ಬರೂ ಸೇರಿ ಸೀಟಿನ ಹೊದಿಕೆ ಸಡಿಲಿಸಿ, ಒಣಬಟ್ಟೆ ಒತ್ತಿ ಒತ್ತಿ ನೀರು ಹೀರಿಸಿದರು. ಸಂಜೆಗೆ ಕಾರಿನ ಗಂಟೆ ಬಿಟ್ಟು ಬಿಟ್ಟು ಬಡಿಯಿತು. ಸೋಮವಾರ ಬೆಳಿಗ್ಗೆ ಸದ್ದಿಲ್ಲ. ಒಳಗಿನ ಹಾಳೆ ಸರಿಹೋಯಿತೋ, ಸತ್ತೇಹೋಯಿತೋ? ಕೂತು ನೋಡಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಅಪ್ಪ ಹಿಂದಿನ ಸೀಟಿನಲ್ಲೇ ಕೂತು ಆಸ್ಪತ್ರೆಗೆ ಹೋದ.

ತಪಾಸಣೆಗೆ ಬಂದ ನರ್ಸಮ್ಮ ಸೀಟುಗಳನ್ನು ಮೂಸಿದಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕೊನೆಗೆ ಮುಂದಿನ ಸೀಟಿನಲ್ಲಿ ಧೊಪ್ಪನೆ ಕೂತು, "ಚಾಲೂ ಮಾಡಮ್ಮ," ಎಂದಳು.

ಟಿಣ್, ಟಿಣ್, ಟಿಣ್.

ಮಗಳು ಕಾರು ಆರಿಸಲು ಕೈ ಚಾಚಿದಳು. ನರ್ಸಮ್ಮ ಬೆಲ್ಟು ಎಳೆದು ಸಿಕ್ಕಿಸಿದಳು. ಸದ್ದು ನಿಂತಿತು.

"ಇದು ಕೆಲಸ ಮಾಡ್ಬೇಕು ನೋಡಿ. ನಮ್ಮ ಪೇಷೆಂಟುಗಳು ಎಷ್ಟೋ ಸಲ ತಲೆ ಸುತ್ತಿ ವಾಲಿಬಿಡ್ತಾರೆ," ಎನ್ನುತ್ತ ಕಾಗದದ ಮೇಲೆ ಗುರುತು ಹಾಕಿದಳು. "ನಾಳೆ ಆರಕ್ಕೆ ಬಂದ್ಬಿಡು."

ವಾಪಸು ಹೊರಡುವಾಗ ಸೀಟ್ ಮಾವ ಮುಂದೆ ಬಂದು ಕೂತ. ಗಂಟೆ ಶುರುವಾಯಿತು.

"ಅಪ್ಪಾ, ಬೆಲ್ಟು."

"ಹಾಕ್ತೀನಿ ಇರೆ," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ಒಂಚೂರು ಬಡ್ಕೊಳ್ಳಲಿ."

ಮಗಳು ಕಾರು ಕದಲಿಸದೆ ಕಾದಳು.