ದೂರು ಹೇಳಿದವರೇ ಬೇಕು ಎಂದ ಅಕ್ಕಾರು

ಕಳೆದ ವಾರ ಆಸ್ಟಿನ್ನಿನ ನಮ್ಮ ಆಫೀಸಿನಲ್ಲಿ ಒಬ್ಬರ ಬೀಳ್ಕೊಡುಗೆ ಇತ್ತು. ಯಾರೋ ರಟ್ಟಿನ ಮೇಲೆ ದಪ್ಪ ಮಾರ್ಕರ್‌ನಲ್ಲಿ ಅವರ ಹೆಸರು ಬರೆಯುತ್ತಿದ್ದರು. ಮೂಗಿಗೆ ತುಸು ಚುಚ್ಚುವ ಆ ಮಾರ್ಕರಿನ ವಾಸನೆ ಬಂದದ್ದೇ ತಡ, ನಾನು ಡಲ್ಲಾಸಿನ ವಿಮಾನ ನಿಲ್ದಾಣದಲ್ಲಿ ಬೋರ್ಡು ಹಿಡಿದು ನಿಂತಿದ್ದೆ. ವಾಸನೆಯಿಂದ ಹಳೆಯದೆಲ್ಲ ಇದ್ದ ಹಾಗೇ ಮರಳುತ್ತದೆ ಎನ್ನುವ ಮಾತನ್ನು ನಾನು ಪೂರ್ತಿ ನಂಬುವವನಲ್ಲ. ಮರಳುವುದು ನಡೆದದ್ದೋ, ಹತ್ತು ಜನರೆದುರು ಹೇಳಿ ಹೇಳಿ ನಾವೇ ನುಣುಪು ಮಾಡಿಕೊಂಡದ್ದೋ, ಯಾರಿಗೆ ಗೊತ್ತು? ಆದರೂ ಆ ವಾಸನೆಯ ಹಿಂದೆಯೇ ಅಕ್ಕಾರು ಬಂದರು...

ಡಲ್ಲಾಸಿನಲ್ಲಿ ನಾನು ಎಂ.ಎಸ್. ಮಾಡುತ್ತಿದ್ದಾಗ ಅವರೂ ಅಲ್ಲಿ ವಿದ್ಯಾರ್ಥಿನಿ. ವಯಸ್ಸು ಐವತ್ತರ ಹತ್ತಿರ. ಧಾರವಾಡದವರು, ಮಗ ಕಾಲೇಜಿಗೆ ಹೋದ ಮೇಲೆ ತಾವೂ ಸಂಖ್ಯಾಶಾಸ್ತ್ರಕ್ಕೆ ಸೇರಿಕೊಂಡಿದ್ದರು. ಡಲ್ಲಾಸಿನ ಹೊರವಲಯದ ಕಾಪೆಲ್‌ನಿಂದ ದಿನಾ ಮಿನಿವ್ಯಾನ್ ಓಡಿಸಿಕೊಂಡು ಬರುತ್ತಿದ್ದರು. ಮೊದಲ ದಿನ ಯಾರೋ ‘ಆಂಟಿ’ ಎಂದದ್ದಕ್ಕೆ, "ಆಂಟಿ ಅನಬ್ಯಾಡ್ರಿ, ನಾನೂ ನಿಮ್ಮ ಜೋಡಿನ ಪರೀಕ್ಷಾ ಬರಿಯಾಕಿ" ಎಂದರಂತೆ. ಅಂದಿನಿಂದ ಎಲ್ಲರಿಗೂ ಅಕ್ಕಾರು. ಮೈಸೂರಿನವನಾದ ನನ್ನ ಬಾಯಿಗೆ ಆ ಪದ ಕೂರಲು ಒಂದು ತಿಂಗಳು ಹಿಡಿಯಿತು.

ನಮ್ಮ ವಿದ್ಯಾರ್ಥಿ ಸಂಘಕ್ಕೆ ಆಗಸ್ಟ್ ಬಂತೆಂದರೆ ಒಂದೇ ಕೆಲಸ: ಭಾರತದಿಂದ ಬರುವ ಹೊಸಬರನ್ನು ವಿಮಾನ ನಿಲ್ದಾಣದಿಂದ ಕರೆತಂದು, ಮನೆ ಸಿಗುವವರೆಗೆ ಯಾರದಾದರೂ ಅಪಾರ್ಟ್‌ಮೆಂಟಿನಲ್ಲಿ ಇಳಿಸುವುದು. ಅದಕ್ಕೆ ಸ್ವಯಂಸೇವಕರು ಬೇಕು. ವಾರ್ಷಿಕ ಸಭೆಯಲ್ಲಿ ಹಾಳೆ ಇಟ್ಟರೆ ಅರವತ್ತು ಹೆಸರು ಬೀಳುತ್ತಿದ್ದವು. ಶನಿವಾರ ಬೆಳಿಗ್ಗೆ ಬರುತ್ತಿದ್ದವರು ಆರು ಜನ. ಆ ವರ್ಷ ಸ್ವಯಂಸೇವಕರ ಹೊಣೆ ಅಕ್ಕಾರಿಗೆ ಬಂತು. ಅವರು ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದರು.

"ಇದರಾಗ ಹೆಸರು ಬರದವರೆಲ್ಲಾ ಸಮೋಸಾ ಸಲುವಾಗಿ ಬರದಾರ. ನನಗ ಸಿಟ್ಟು ಬಂದವರು ಬೇಕು" ಎಂದು ಬಾಗಿಲ ಬಳಿ ಒಂದು ಟೇಬಲ್ ಹಾಕಿಸಿ ‘ಹೋದ ವರ್ಷ ತೊಂದರೆಯಾದವರು ಇಲ್ಲಿ ಬನ್ನಿ’ ಎಂದು ಬರೆದಿಟ್ಟು ಕುಳಿತರು.

ದೂರು ಹೇಳುವುದೆಂದರೆ ನನಗೆ ಆಗಲೂ ಹಬ್ಬ. ಸಾಲಿನಲ್ಲಿ ಮೊದಲು ನಿಂತೆ. ನಾನು ಬಂದ ದಿನ ಎರಡು ಗಂಟೆ ಕಾಯಿಸಿದ್ದು, ಮನೆಗೆ ಫೋನ್ ಮಾಡಲು ಯಾರೂ ಕೊಡದಿದ್ದದ್ದು, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕಾರ್ಪೆಟ್ ಮೇಲೆ ಮಲಗಿಸಿದ್ದು, ಒಂದನ್ನೂ ಬಿಡದೆ ಹೇಳಿದೆ. ಅಕ್ಕಾರು ಎಲ್ಲವನ್ನೂ ಬರೆದುಕೊಂಡರು. ಬರೆದು ಮುಗಿಸಿ, "ಶನಿವಾರ ಎಂಟಕ್ಕ ನಮ್ಮ ಮನಿಗೆ ಬಾ ತಮ್ಮಾ. ಈ ಕೆಲಸಾ ನಿಂದು" ಎಂದರು.

"ನಾನು ದೂರು ಹೇಳೋಕೆ ಬಂದಿದ್ದು ಅಕ್ಕಾರೇ, ಸೇರೋಕಲ್ಲ."

"ಏನೇನು ತಪ್ಪಾಗ್ತದ ಅಂತ ನಿನ್ನಷ್ಟು ಯಾರಿಗೆ ಗೊತ್ತದ? ಎಂಟಕ್ಕ ಅಂದ್ರ ಎಂಟಕ್ಕ."

ಹೀಗೆ ಹದಿನಾಲ್ಕು ಮಂದಿ ಸಿಕ್ಕೆವು. ಎಲ್ಲರೂ ಗೊಣಗುವವರೇ. ಹದಿನಾಲ್ಕೋ, ಹದಿಮೂರೋ... ಸಂಖ್ಯೆಯ ಮೇಲೆ ಪ್ರಮಾಣ ಮಾಡಲಾರೆ.

ತರಬೇತಿ ಅವರ ಮನೆಯ ಮುಂದೆಯೇ. ಅಕ್ಕಾರು ಎರಡು ಸೂಟ್‌ಕೇಸುಗಳಿಗೆ ಅಕ್ಕಿ ಚೀಲ ತುಂಬಿ ಇಟ್ಟಿದ್ದರು. ನಮ್ಮ ಫೋನ್ ಕಿತ್ತುಕೊಂಡು, ಒಬ್ಬೊಬ್ಬರನ್ನೇ ಆ ಸೂಟ್‌ಕೇಸುಗಳ ಜೊತೆ ಬೀದಿಯ ಕೊನೆಯಲ್ಲಿ ನಿಲ್ಲಿಸಿದರು. "ಈಗ ನೀ ಹೊಸಬ. ಹತ್ತು ನಿಮಿಷದಾಗ ಕಾರು ಬರ್ತದ." ಹತ್ತು ನಿಮಿಷಕ್ಕೆ ಬರಲಿಲ್ಲ, ಬೇಕೆಂದೇ ಕಳಿಸಲಿಲ್ಲ. ಟೆಕ್ಸಾಸಿನ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಎದುರು ಮನೆಯ ಅಮೆರಿಕನ್ ಅಜ್ಜಿ, ಈ ಹುಡುಗನನ್ನು ಯಾರೋ ಮನೆಯಿಂದ ಹೊರಗೆ ಹಾಕಿದ್ದಾರೆಂದು ತಿಳಿದು ನೀರಿನ ಬಾಟಲಿ ತಂದುಕೊಟ್ಟರು. ನನ್ನ ನಂತರ ಇನ್ನೊಬ್ಬ ಅದೇ ಸೂಟ್‌ಕೇಸುಗಳೊಂದಿಗೆ ನಿಂತಾಗ ಅಜ್ಜಿ ಅಕ್ಕಾರ ಮನೆಯನ್ನೇ ದಿಟ್ಟಿಸಿ ನೋಡತೊಡಗಿದರು. ನಾವು ಗ್ಯಾರೇಜಿನಲ್ಲಿ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕೆವು.

ಅಕ್ಕಾರದು ಒಂದೇ ಕಟ್ಟುನಿಟ್ಟು. ಹೊಸಬರು ಕಾರಿನಲ್ಲಿ ಕುಳಿತ ಮೇಲೆ, ಕಾರು ಸ್ಟಾರ್ಟ್ ಮಾಡುವ ಮೊದಲು, ಊರಿನಲ್ಲಿರುವ ಅವರ ತಾಯಿಗೆ ಫೋನ್ ಹಚ್ಚಬೇಕು. ಮೊದಲು ನಾವೇ ಮಾತಾಡಿ ನಮ್ಮ ಹೆಸರು, ಊರು ಹೇಳಬೇಕು. ಆಮೇಲೆ ಫೋನ್ ಮಗುವಿನ ಕೈಗೆ. ಏಕೆಂದರೆ ಮಕ್ಕಳು ವಿಮಾನ ಹತ್ತುವ ಮುಂಚೆ ಪ್ರತಿಯೊಬ್ಬ ತಾಯಿಗೂ ಅಕ್ಕಾರು ತಾವೇ ಕರೆ ಮಾಡಿ, "ನಿಮ್ಮ ಕೂಸು ಒಂದು ನಿಮಿಷ ಸುದ್ದಾ ಅಲ್ಲೆ ಒಂಟಿ ನಿಲ್ಲೂದಿಲ್ಲರೀ" ಎಂದು ಮಾತು ಕೊಟ್ಟಿರುತ್ತಿದ್ದರು.

ಆ ಮಾತನ್ನು ಮೊದಲ ವಾರವೇ ಮುರಿದವನು ನಾನು.

ಪಟ್ಟಿ ಮಾಡುವ, ಬೋರ್ಡು ಬರೆಯುವ ಕೆಲಸ ನನ್ನದಾಗಿತ್ತು. ವಿಶ್ವವಿದ್ಯಾಲಯದಲ್ಲಿ ಎಲ್ಲವೂ ಕೊನೆಯ ಹೆಸರಿನ ಲೆಕ್ಕ. ನಾನೂ ಶಿಸ್ತಿನ ಮನುಷ್ಯನಂತೆ ಎಲ್ಲರ ಕೊನೆಯ ಹೆಸರುಗಳನ್ನೇ ದೊಡ್ಡದಾಗಿ ಬರೆದೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ‘ತಿಪ್ಪೇಸ್ವಾಮಿ’ ಎಂಬ ಬೋರ್ಡು ಹಿಡಿದು ಕಸ್ಟಮ್ಸ್ ದಾಟಿ ಬರುವ ಬಾಗಿಲೆದುರು ನಿಂತೆ. ಬರುವ ಹುಡುಗರ ಮುಖವನ್ನೆಲ್ಲ ನೋಡಿದೆ. ಬಾಗಿಲು ತೆರೆಯುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ತಿಪ್ಪೇಸ್ವಾಮಿ ಬರಲಿಲ್ಲ. ಪಕ್ಕದ ಬೆಂಚಿನ ಮೇಲೆ ಎರಡು ಸೂಟ್‌ಕೇಸುಗಳ ನಡುವೆ ಒಬ್ಬಳು ಹುಡುಗಿ ಕುಳಿತಿದ್ದಳು. ಅವಳನ್ನೂ ಯಾರೋ ಕಾಯಿಸುತ್ತಿದ್ದಾರೆ, ಪಾಪ, ಎಂದುಕೊಂಡೆ. ಒಂದು ಸಲ ನನ್ನ ಬೋರ್ಡನ್ನು ನೋಡಿ ಮುಖ ತಿರುಗಿಸಿದಳು.

ಒಂದೂವರೆ ಗಂಟೆಯಾಯಿತು. ಚಿತ್ರದುರ್ಗದಲ್ಲಿ ಒಬ್ಬ ತಾಯಿ ಫೋನಿನ ಮುಂದೆ ಕುಳಿತಿದ್ದಾರೆ ಎಂಬುದು ನೆನಪಾಯಿತು. ಅಕ್ಕಾರಿಗೆ ಫೋನ್ ಮಾಡಿದೆ.

"ಹುಡುಗ ಬರಲೇ ಇಲ್ಲ ಅಕ್ಕಾರೇ. ವಿಮಾನ ಹತ್ತಲಿಲ್ಲವೇನೋ."

"ಯಾವ ಹುಡುಗ?"

"ತಿಪ್ಪೇಸ್ವಾಮಿ."

"ಅದು ಅಕಿ ಅಪ್ಪನ ಹೆಸರಲ್ಲೋ ಹುಚ್ಚಪ್ಪಾ! ಅಪ್ಪ ಅಲ್ಲೆ ದುರ್ಗದಾಗ ಅದಾರ. ಬೋರ್ಡು ಇಳಸು. ಅಲ್ಲೇ ನಿಂತು ಕನ್ನಡದಾಗ ‘ಊಟ ಆತೇನು’ ಅಂತ ಜೋರಾಗಿ ಕೂಗು."

"ಇಲ್ಲೇನಾ? ಎಲ್ಲರೂ ನೋಡ್ತಾರೆ."

"ನೋಡ್ಲಿ ಅಂತನ ಹೇಳಿದ್ದು."

ಕೂಗಿದೆ. ಕಾಫಿ ಹಿಡಿದಿದ್ದ ಒಬ್ಬ ಪೊಲೀಸ್ ತಿರುಗಿ ನೋಡಿದ. ಬೆಂಚಿನ ಹುಡುಗಿ ತಲೆ ಎತ್ತಿ, ಏನೂ ಯೋಚಿಸದೆ, "ಇಲ್ಲ" ಎಂದಳು.

ಚೈತ್ರಾ ಅವಳ ಹೆಸರು. ತನ್ನಪ್ಪನ ಹೆಸರಿನವರು ಇನ್ಯಾರೋ ದೊಡ್ಡವರು ಬರುತ್ತಿರಬೇಕು ಎಂದುಕೊಂಡು, ಆ ಬೋರ್ಡಿನ ಹತ್ತಿರ ಕುಳಿತರೆ ಧೈರ್ಯವೆಂದು ಅಲ್ಲೇ ಕುಳಿತಿದ್ದಳಂತೆ. ಕಾರಿನಲ್ಲಿ ಕುಳಿತು ತಾಯಿಗೆ ಫೋನ್ ಹಚ್ಚಿದೆ. ನನ್ನ ಹೆಸರು, ಊರು ಹೇಳುವಷ್ಟರಲ್ಲಿ ಅತ್ತಲಿಂದ ಅಳು, ಇತ್ತಲಿಂದ ನಗು. ನಾನು ಕಾರಿನಿಂದಿಳಿದು ದೂರ ನಿಂತೆ.

ಬೈಗುಳ ಕಾದಿದೆ ಎಂದುಕೊಂಡೇ ಕಾಪೆಲ್‌ಗೆ ಹೋದೆ. ಅಕ್ಕಾರು ಇಬ್ಬರಿಗೂ ರೊಟ್ಟಿ ಬಡಿಸಿದರು. "ಹೋದ ವರ್ಷ ನಿನಗ ಎರಡು ತಾಸು ಕಾಯಿಸಿದ್ರು. ಇಕಿಗೆ ಒಂದೂವರಿ ತಾಸು. ಅರ್ಧಾ ತಾಸು ಸುಧಾರಿಸೇವಿ ನೋಡು" ಎಂದರು. ಚೈತ್ರಾ ನಕ್ಕ ನಗುವಿಗೆ ಅವಳ ಎಲೆಕೋಸಿನ ಪಲ್ಯ ನೆತ್ತಿಗೆ ಹತ್ತಿತು. ಊಟ ಮುಗಿದ ಮೇಲೆ ಅಕ್ಕಾರು ದೂರು ಬರೆಯುವ ಪುಸ್ತಕ ತೆಗೆದು ಅವಳ ಮುಂದಿಟ್ಟರು: "ಇವನ ಮ್ಯಾಲೆ ಏನೇನು ದೂರು ಅದ, ಎಲ್ಲಾ ಹೇಳವಾ." ಅವಳು ಹೇಳಿದಳು. ಮುಂದಿನ ಆಗಸ್ಟ್‌ನಲ್ಲಿ ನಮ್ಮ ತಂಡದ ಅತಿ ಚುರುಕಿನ ಸ್ವಯಂಸೇವಕಿ ಅವಳೇ.

ಆಮೇಲೆ ಬೋರ್ಡಿನಲ್ಲಿ ಹೆಸರು ಬರೆಯುವುದನ್ನೇ ಬಿಟ್ಟೆವು. ಊರು ಬರೆಯತೊಡಗಿದೆವು, ಕನ್ನಡದಲ್ಲಿ: ಹಾಸನ, ಗದಗ, ಕುಂದಾಪುರ. ಒಮ್ಮೆ ‘ಗದಗ’ ಎಂಬ ಬೋರ್ಡಿನ ಕೆಳಗೆ, ಯಾರನ್ನೋ ಕರೆದೊಯ್ಯಲು ಬಂದಿದ್ದ ಅಪರಿಚಿತ ಅಂಕಲ್ ಒಬ್ಬರು ಬಂದು ನಿಂತು, "ನಾನೂ ಅಲ್ಲಿಯವನಪಾ, ನನ್ನೂ ಕರಕೊಂಡು ಹೋಗ್ರಿ" ಎಂದರು. ಅವರ ಎರಡು ಕಾರುಗಳು ಆ ಬೇಸಿಗೆಯೆಲ್ಲ ನಮ್ಮ ಕೆಲಸಕ್ಕೆ ಬಂದವು.

ಇದಿಷ್ಟು ನನ್ನ ನೆನಪು. ಈಗ ಶುಗರ್ ಲ್ಯಾಂಡ್ ಎಂಬ ಊರಿನಲ್ಲಿರುವ ಚೈತ್ರಾಗೆ ಮೊನ್ನೆ ಫೋನ್ ಮಾಡಿ, ಬರೆದದ್ದನ್ನು ಓದಿ ಹೇಳಿದೆ. "ನೀವು ಕೂಗಲೇ ಇಲ್ಲ. ಬೆಂಚಿನ ಹತ್ರ ಬಂದು ಕಳ್ಳನ ಥರ ಪಿಸಿಪಿಸಿ ಅಂತ ಕೇಳಿದ್ರಿ. ಪೊಲೀಸೂ ಇರಲಿಲ್ಲ" ಎಂದಳು. ಇರಬಹುದು. ಪೊಲೀಸನ ಕೈಯಲ್ಲಿದ್ದ ಕಾಫಿ ನನಗೆ ಇಂದಿಗೂ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿ ಕಾಣುವುದೇ ನನಗೆ ಅನುಮಾನ ಹುಟ್ಟಿಸುವುದು.

ಅಕ್ಕಾರನ್ನೇ ಕೇಳೋಣವೆಂದರೆ ಅವರಿಲ್ಲ. ಓದು ಮುಗಿಸಿ ಕೆಲವು ವರ್ಷಗಳಾದ ಮೇಲೆ ಅವರು ಹ್ಯೂಸ್ಟನ್ನಿನ ಬಳಿ ಮಿಸೌರಿ ಸಿಟಿಗೆ, ಮಗನ ಹತ್ತಿರಕ್ಕೆ ಶಿಫ್ಟ್ ಆದರು. ಆಸ್ಟಿನ್ನಿನಿಂದ ಮೂರು ಗಂಟೆಯ ಡ್ರೈವ್. ಮುಂದಿನ ತಿಂಗಳು, ರಜೆ ಸಿಕ್ಕಾಗ ಎನ್ನುತ್ತ ಹೋದೆ. ಕಾಯಿಲೆಯ ಸುದ್ದಿ ಬಂದಾಗಲೂ ಮುಂದಿನ ವಾರ ಎಂದೆ. ಅಷ್ಟರಲ್ಲಿ ಮುಗಿದಿತ್ತು. ಎಷ್ಟೋ ಜನರನ್ನು ಎದುರುಗೊಳ್ಳಲು ನನ್ನನ್ನು ಕಳಿಸಿದವರನ್ನು ಕಳಿಸಿಕೊಡಲು ನಾನು ಹೋಗಲಿಲ್ಲ.

ಕಳೆದ ಭಾನುವಾರ ಕೊನೆಗೂ ಹೋದೆ. ಅವರ ಯಜಮಾನರು ಬಾಗಿಲು ತೆರೆದರು. ನನ್ನ ಹೆಸರು ಹೇಳಿದರೆ ಗುರುತು ಸಿಗಲಿಲ್ಲ. ವಿಮಾನ ನಿಲ್ದಾಣ, ಚಿತ್ರದುರ್ಗದ ಹುಡುಗಿ ಎಂದೊಡನೆ ಮುಖ ಅರಳಿತು.

"ಗೊತ್ತಾತು, ಗೊತ್ತಾತು! ನಮ್ಮಾಕಿ ಎಲ್ಲಾರಿಗೂ ಹೇಳ್ತಿದ್ದಳು. ಫೋನ್ ಬಂದ ಕೂಡಲೆ ಒಲಿ ಆರಿಸಿ, ತಾನ ಗಾಡಿ ತಗೊಂಡು ಓಡಿ ಹೋಗಿ, ಆ ಹುಡುಗೀನ ಕೈ ಹಿಡದು ಕರಕೊಂಡು ಬಂದ್ಲು. ಹೌದಲ್ಲೋ?"

ನನ್ನ ನೆನಪಿನಲ್ಲಿ ಅಕ್ಕಾರು ಆ ದಿನ ಮನೆಬಿಟ್ಟು ಕದಲಿರಲಿಲ್ಲ. ಒಲೆ ಉರಿಯುತ್ತಲೇ ಇತ್ತು, ರೊಟ್ಟಿ ಬಿಸಿಯಾಗಿತ್ತು. ಜೀವನವಿಡೀ ಬೇರೆಯವರ ಮಾತನ್ನು ತಿದ್ದಿದವನು ನಾನು, ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು ಅಂಕಲ್," ಎಂದೆ, "ಅವರೇ ಬಂದಿದ್ರು."